ಗ್ರಿಲ್ಲು

ಆ ಶಬ್ದಕ್ಕೆ ನಮ್ಮಲ್ಲಿ ಆಗ ಒಂದೇ ಅರ್ಥ:
ಕಿಟಕಿಗೆ ಹಾಕುವ ಕಂಬಿ, ಕಳ್ಳರು ಬಾರದ ಹಾಗೆ.
ಹಾಗಾಗಿ ಒಂದು ಶನಿವಾರ ಅಪ್ಪ
"ನಾಳೆ ಹಿತ್ತಿಲಲ್ಲಿ ಗ್ರಿಲ್ಲು" ಎಂದಾಗ
ಅಮ್ಮ ಅಕ್ಕಿ ಆರಿಸುತ್ತಲೇ ಕೇಳಿದಳು:
"ಹಿತ್ತಿಲಿಗೆ ಗೋಡೆಯೇ ಇಲ್ಲ, ಕಿಟಕಿ ಎಲ್ಲಿಂದ?"

ಉಪ್ಪಳ ಪೇಟೆಯಲ್ಲಿ ಅಪ್ಪನ ರಿಪೇರಿ ಅಂಗಡಿ.
ಮಿಕ್ಸಿ, ಫ್ಯಾನು,
ಮತ್ತೆ ದುಬಾಯಿಯಿಂದ ಹಡಗಲ್ಲಿ ಬಂದ
ಯಾರದೋ ಮನೆಯ ವಾಷಿಂಗ್ ಮೆಶೀನು.
ಮೋಟಾರು ಸತ್ತು ಎರಡು ಮಳೆಗಾಲ ಕಳೆದರೂ
ಕೇಳಿಕೊಂಡು ಯಾರೂ ಬಂದಿರಲಿಲ್ಲ.
ಅದರ ಹೊಟ್ಟೆ ಸೀಳಿ ಡ್ರಮ್ಮು ತೆಗೆದ:
ಫಳಫಳ ಸ್ಟೀಲು, ಮೈತುಂಬ ತೂತು.
ಮಗುಚಿದಾಗ ಉದುರಿದ್ದು
ಎರಡು ಅಂಗಿಗುಂಡಿ, ಒಂದು ಹೇರ್‌ಪಿನ್ನು,
ಅರಬಿ ಅಂಕೆಯ ಸವೆದ ನಾಣ್ಯ.
ನಾಣ್ಯ ನನಗೆ. ಗುಂಡಿ ಅಮ್ಮನ ಡಬ್ಬಿಗೆ.

ಮೇಲಿಡಲು ತಂದದ್ದು ನಿಜವಾಗಿಯೂ ಗ್ರಿಲ್ಲೇ.
ಕೆಡವಿದ ಪೋಸ್ಟಾಫೀಸಿನಲ್ಲಿ
ಸ್ಟಾಂಪು ಕೊಡುತ್ತಿದ್ದ ಕಿಂಡಿಯದು,
ಗುಜರಿಯಲ್ಲಿ ತೂಕಕ್ಕೆ ಸಿಕ್ಕಿದ್ದು;
ಅಡಿಯಲ್ಲಿ ಅರ್ಧ ಸೂರ್ಯ, ಏಳು ಕಿರಣ,
ಹಸಿರು ಪೇಂಟು.
ಪೇಂಟು ಬಿಡಿಸಲಿಕ್ಕೇ ಒಂದು ಸಂಜೆ ಹೋಯಿತು.

ಭಾನುವಾರ. ಗೆರಟೆ ಹೊತ್ತಿಕೊಳ್ಳಲಿಲ್ಲ.
ಅಣ್ಣ "ಸೀಮೆಎಣ್ಣೆ" ಎಂದ, ಅಪ್ಪ ಬೈದ,
ಬೈದು ಐದು ನಿಮಿಷಕ್ಕೆ ತಾನೇ ಸುರಿದ.
ಎದ್ದಿತು ನೋಡಿ ಹೊಗೆ, ನೇರ
ಅಮ್ಮ ಒಣಹಾಕಿದ ಬಟ್ಟೆಯ ಸಾಲಿಗೆ.

ಬೇಲಿಯಾಚೆಯಿಂದ ಅಂದುಞ್ಞಿಚ್ಚ ಇಣುಕಿದ:
"ಎಂದಾ ಐತಪ್ಪಾ, ಮೀನಿಗೆ ಸ್ನಾನವಾ?"
ನಗುತ್ತ ಹೋದವ ಮರಳಿ ಬಂದ,
ಕೈಯಲ್ಲಿ ಬಾಳೆಲೆ ತುಂಡು, ಅದರಲ್ಲಿ
ಗಾಂಧಾರಿ ಮೆಣಸು ಹುಳಿ ಸೇರಿಸಿ ಅರೆದದ್ದು.
"ಬೆಂಕಿಗಲ್ಲ, ಕೆಂಡಕ್ಕೆ ಇಡು.
ಇದರಲ್ಲಿ ಕಾಯುವುದೇ ಕೆಲಸ."

ಅಪ್ಪ ಕಾಯುವ ಮನುಷ್ಯನಲ್ಲ.
ಮೊದಲ ಆರು ಬಂಗುಡೆ
ಹೊರಗೆ ಇದ್ದಿಲು, ಒಳಗೆ ಇನ್ನೂ ಕಡಲು.
ಜತೆಗೆ ಏನೋ ಒಂದು ವಾಸನೆ.
ತಟ್ಟೆ ನೋಡಿದೆವು, ಮುಖ ಮುಖ ನೋಡಿದೆವು.
ಸೋಪಿನ ಪುಡಿ!
ಡ್ರಮ್ಮಿನ ಸಂದುಗಳಲ್ಲಿ ಗಟ್ಟಿಯಾಗಿ ಕೂತಿದ್ದ
ಯಾವುದೋ ಸಂಸಾರದ ಶುಕ್ರವಾರಗಳು
ಹೊಗೆಯಾಗಿ ನಮ್ಮ ಮೀನು ಹೊಕ್ಕಿದ್ದವು.
ಬೆಕ್ಕು ಕೂಡ ಮೂಸಿ ಹಿಂದೆ ಸರಿಯಿತು.

ಅಮ್ಮ ಬಾಲದ ತುಂಡು ಬಾಯಿಗಿಟ್ಟು
ನಿಧಾನ ಅಗಿದು
"ಉಪ್ಪು ಸರಿ ಉಂಟು" ಎಂದಳು.
ಮದುವೆಯಾಗಿ ಹದಿನೆಂಟು ವರ್ಷದಲ್ಲಿ
ಅಪ್ಪನ ಅಡುಗೆಗೆ ಅವಳಾಡಿದ ಮೊದಲ ಮಾತು.
ಅಪ್ಪ ಮಾಡಿದ ಮೊದಲ ಅಡುಗೆಯೂ ಅದೇ.

ಎರಡನೆಯ ಕಂತಿಗೆ ಕತ್ತಲಾಗಿತ್ತು.
ಕೆಂಡ ಬೂದಿ ಹೊದ್ದು ಮಲಗಿತ್ತು,
ಅಪ್ಪ ಕುಕ್ಕರಗಾಲಲ್ಲಿ ಕೂತಿದ್ದ, ಮಾತಿಲ್ಲ,
ಕೈಯಲ್ಲಿ ಕ್ಯಾಲೆಂಡರಿನ ರಟ್ಟು.
ತೂತು ತೂತಿನಿಂದ ಸೋರಿದ ಬೆಳಕು
ತೆಂಗಿನ ಬುಡಕ್ಕೆ, ಅಮ್ಮನ ಸೀರೆಗೆ
ಕೆಂಪು ಚುಕ್ಕಿ ಇಟ್ಟಿತ್ತು.
ತಿರುವಿ ಹಾಕಿದರೆ ಮೀನಿನ ಮೈಮೇಲೆ
ಅಚ್ಚೊತ್ತಿದ ಸೂರ್ಯ, ಮೂರೋ ನಾಲ್ಕೋ ಕಿರಣ!
ಅದು ಯಾರ ತಟ್ಟೆಗೆಂದು
ನನಗೂ ಅಣ್ಣನಿಗೂ ಜಗಳ.
ಗೆದ್ದದ್ದು ಯಾರೋ, ನೆನಪಿಲ್ಲ.

ಆ ಹಿತ್ತಿಲು ಹೆದ್ದಾರಿಗೆ ಹೋಯಿತು.
ಕಾಸರಗೋಡಿಗೆ ನನ್ನ ಬಸ್ಸು
ದಿನಾ ಅದರ ಮೇಲೆಯೇ ಓಡುತ್ತದೆ;
ಟಿಕೆಟ್ಟಿಗೆ ಚಿಲ್ಲರೆ ಹುಡುಕುವಷ್ಟರಲ್ಲಿ
ಬಾವಿ, ತೆಂಗು, ಬೇಲಿ ಎಲ್ಲ ದಾಟಿರುತ್ತದೆ.
ಡ್ರಮ್ಮನ್ನು ಅಂದುಞ್ಞಿಚ್ಚನ ಮೊಮ್ಮಗ ಒಯ್ದ.
ಗ್ರಿಲ್ಲು ಮಾತ್ರ ಅಪ್ಪ ಬಿಡಲಿಲ್ಲ.
ಹೊಸ ಮನೆಯ ಅಡುಗೆಕೋಣೆಗೆ
ಪಡುವಣ ಕಿಟಕಿ ಅದರ ಅಳತೆಗೇ ಇಡಿಸಿದ,
ತಾನೇ ನಿಂತು ಬೆಸುಗೆ ಹಾಕಿದ.
"ಕಳ್ಳರು ಬಾರದ ಹಾಗೆ."
ಪೇಂಟು ಈ ಸಲ ನೀಲಿ.

ಸಂಜೆ ಐದೂವರೆಗೆ ಬಿಸಿಲು ಅದರ ಮೂಲಕ ಇಳಿದು
ನೆಲದ ಟೈಲ್ಸಿನ ಮೇಲೆ
ಏಳು ಕಿರಣ ಎಳೆಯುತ್ತದೆ.
ಈಗಿನ ಬೆಕ್ಕು, ಆ ಕಾಲ ಕಾಣದ್ದು,
ಕಂಬಿಯ ನೆರಳನ್ನು ಮೂಸಿ ಮೂಸಿ
ನಾಲಿಗೆ ಚಾಚುತ್ತದೆ.
ಅಮ್ಮ ಒಳಗಿಂದಲೇ ಗದರುತ್ತಾಳೆ:
"ನೆಕ್ಕಬೇಡ, ಅಲ್ಲಿ
ಈಗಷ್ಟೇ ಸೋಪು ಹಾಕಿ ಒರೆಸಿದ್ದೇನೆ."