ಐದನೆಯ ನಟ್ಟು

ಇವಾಂಡರನನ್ನು ಮಣ್ಣಿಗೆ ಒಯ್ಯುವ ದಿನ
ಹೆಣದ ಗಾಡಿಯ ಎಡಗಡೆ ಹಿಂದಿನ ಚಕ್ರ
ಬಾರ್ವಸ್ ದಾಟಿದ ಮೇಲೆ, ಬಯಲಿನ ನಟ್ಟನಡುವೆ
ಉಸ್ಸೆಂದು ಕೂತುಬಿಟ್ಟಿತು.

ಲೂಯಿಸ್ ದ್ವೀಪದ ಈ ಭಾಗದಲ್ಲಿ ಮರವಿಲ್ಲ, ಗಾಳಿಗೆ ತಡೆಯಿಲ್ಲ.
ಕರಿ ಕೋಟಿನ ಮೂವತ್ತು ಗಂಡಸರು ಇಳಿದು ನಿಂತರು,
ಟೈಗಳೆಲ್ಲ ಒಂದೇ ದಿಕ್ಕಿಗೆ ಹಾರುತ್ತಿದ್ದವು.
ಪಾನಾ ಇದ್ದದ್ದು ನನ್ನ ವ್ಯಾನಿನಲ್ಲಿ ಮಾತ್ರ.
ಆರು ವರ್ಷ ಅವನ ಶೆಡ್ಡಿನಲ್ಲಿ ಕೈ ಕಪ್ಪು ಮಾಡಿಕೊಂಡವಳು,
ಇವತ್ತೊಂದು ದಿನ ಉಜ್ಜಿ ಉಜ್ಜಿ ತೊಳೆದುಕೊಂಡು ಬಂದಿದ್ದೆ.

ನಾಲ್ಕು ನಟ್ಟು ಗೊಣಗುತ್ತಲಾದರೂ ಬಂದವು.
ಐದನೆಯದು ಜಪ್ಪಯ್ಯ ಅಂದರೂ ಇಲ್ಲ.
ಮೇಲಿನ ತಗಡಿನ ಟೊಪ್ಪಿ ಉಪ್ಪುಗಾಳಿ ಕುಡಿದು ಊದಿಕೊಂಡಿದೆ,
ಹತ್ತೊಂಬತ್ತರ ಸಾಕೆಟ್ಟು ಹತ್ತದು,
ಇಪ್ಪತ್ತೊಂದರದು ಅಜ್ಜನ ಚಪ್ಪಲಿ ಮೆಟ್ಟಿದ ಮಗುವಿನ ಹಾಗೆ
ಲೊಡಲೊಡ; ಸುತ್ತಿದಷ್ಟೂ ಮೂಲೆ ಸವೆಯುತ್ತದೆ.

"ಯಾರು ಬಿಗಿದದ್ದು ಇದನ್ನು?" ಎಂದ ಗಾಡಿಯ ಮರ್ಡೋ.
ಯಾರೂ ಮಾತಾಡಲಿಲ್ಲ. ಎಲ್ಲರೂ ಒಮ್ಮೆ
ಗಾಜಿನೊಳಗಿನ ಪೆಟ್ಟಿಗೆಯ ಕಡೆ ನೋಡಿದರು.

ಬಿಗಿದವನು ಅವನೇ. ಅಕ್ಟೋಬರಿನಲ್ಲಿ, ತಪಾಸಣೆಗೆ ಮುಂಚೆ.
ಟಾರ್ಕ್ ಪಾನಾ ಟಕ್ ಎಂದರೆ ಸಾಕು ಅನ್ನುತ್ತದೆ ಪುಸ್ತಕ.
ಅವನಿಗೆ ಸಾಲದು. ಹಿಡಿಕೆಗೊಂದು ಕೊಳವೆ ಸಿಕ್ಕಿಸಿ,
ಅದರ ಮೇಲೆ ಹತ್ತಿ ನಿಂತು,
"ಇನ್ನು ಕಾಲು ಸುತ್ತು. ಟಕ್ ಅನ್ನುವುದು ಪಾನಾ,
ಚಕ್ರ ಕಳಚಿದರೆ ಸಾಯುವುದು ಪಾನಾ ಅಲ್ಲ."
ಆ ಕಾಲು ಸುತ್ತಿಗೆ ಇಡೀ ದ್ವೀಪವೇ ಶಾಪ ಹಾಕಿದೆ,
ಪಂಕ್ಚರಾದ ರಾತ್ರಿಗಳಲ್ಲಿ, ಮಳೆಯಲ್ಲಿ, ಗೇಲಿಕ್‌ನಲ್ಲಿ.

ಸಲಹೆಗಳು ಶುರುವಾದವು; ಸತ್ತವನ ಮುಂದೆ
ಇಷ್ಟು ಜೋರಾಗಿ ಮಾತಾಡಬಾರದೆಂದು ಗೊತ್ತಿದ್ದೂ.
ಬಿಸಿ ಮಾಡು, ಎಂದ ಮೀನುದೋಣಿಯವನು.
ಎಣ್ಣೆ ಬಿಟ್ಟು ಒಂದು ಗಳಿಗೆ ಕಾಯಿ, ಎಂದರು ಮೇಷ್ಟ್ರು.
ಪಾದ್ರಿ ಏನೂ ಹೇಳದೆ ಕೋಟು ಕಳಚಿ, ಒಮ್ಮೆ ಜಗ್ಗಿ ನೋಡಿ,
ಬೆನ್ನು ಹಿಡಿದುಕೊಂಡು ಎದ್ದರು.

ಆಮೇಲೆ ಯಾರೋ ಗಡಿಯಾರ ನೋಡಿದರು, ಯಾರೋ ಆಕಾಶ.
ಒಂದೂವರೆ ಮೈಲಿ ತಾನೆ, ಎಂದರು.
ಪೆಟ್ಟಿಗೆ ಹೆಗಲೇರಿತು. ಹೆಗಲು ಬದಲಿಸುತ್ತ, ಸಾಲು ಸರಿಯುತ್ತ
ಕಡಲಿನ ಕಡೆಗೆ ನಡೆದರು.
ಎದುರಿನ ಅಂಗಡಿಗೂ ವ್ಯಾನಿನಲ್ಲೇ ಹೋಗುತ್ತಿದ್ದ ಮನುಷ್ಯ!

"ನೀನು?" ಎಂದು ಮರ್ಡೋ ಕೇಳಿದ.
"ಇದು ಬಿಚ್ಚಲಿ, ಬರುತ್ತೇನೆ."

ಈಗ ನಾನು, ಖಾಲಿ ಗಾಡಿ, ರಸ್ತೆಯಂಚಿಗೆ ಮಲಗಿದ ಒಂದು ಕುರಿ.
ಉಳಿ ಹಿಡಿದು ತಗಡಿನ ಟೊಪ್ಪಿ ಸೀಳಿ ಕಿತ್ತೆ.
ಒಳಗಿನ ನಟ್ಟು ಬೆತ್ತಲೆ, ಸಣ್ಣದು, ತುಕ್ಕು ಬಣ್ಣ.
ಹದಿನೇಳರ ಹಳೇ ಸಾಕೆಟ್ಟನ್ನು ಅದರ ತಲೆಗಿಟ್ಟು
ಸುತ್ತಿಗೆಯಲ್ಲಿ ಬಡಿದೆ. ಅವನೇ ಕಲಿಸಿದ್ದು:
ಒಳ್ಳೆಯದನ್ನು ಕೆಡಿಸಬೇಡ, ಇದಕ್ಕೆಂದೇ ಒಂದನ್ನು ಇಟ್ಟುಕೊ.
ಬಡಿತ ದಿಬ್ಬ ಹತ್ತುತ್ತಿದ್ದವರಿಗೂ ಕೇಳಿಸಿರಬೇಕು;
ಒಬ್ಬ ತಿರುಗಿ ನೋಡಿದ.
ಕೊಳವೆ ಸಿಕ್ಕಿಸಿದೆ. ಒಳ್ಳೆ ಬೂಟಿನ ಕಾಲಲ್ಲೇ ಹತ್ತಿ ನಿಂತೆ.
ಉಡದ ಪಟ್ಟು.
ಕುಣಿದೆ. ಬೈದೆ. ಅವನ ಹೆಸರು ಹಿಡಿದೇ ಬೈದೆ,
ಆರು ವರ್ಷದಲ್ಲಿ ನಾಲಿಗೆ ತುದಿಗೆ ಬಂದು ನುಂಗಿದ್ದನ್ನೆಲ್ಲ.

ಕೋವಿ ಹಾರಿದ ಹಾಗೆ ಸದ್ದು. ಕುರಿ ಎದ್ದು ಓಡಿತು.
ಬೋಲ್ಟೇ ಮುರಿಯಿತೆಂದುಕೊಂಡೆ. ಇಲ್ಲ,
ಕೂದಲೆಳೆಯಷ್ಟು ತಿರುಗಿದೆ. ಆಮೇಲೆ ಬೆಣ್ಣೆ.

ನಟ್ಟು ಸಾಕೆಟ್ಟಿನೊಳಗೇ ಕಚ್ಚಿಕೊಂಡು ಉಳಿಯಿತು. ಇರಲಿ.
ಹಾಗೇ ಕೋಟಿನ ಜೇಬಿಗೆ ಹಾಕಿದೆ,
ಸ್ವಲ್ಪ ಹೊತ್ತು ತೊಡೆಗೆ ಬೆಚ್ಚಗೆ ತಾಗುತ್ತಿತ್ತು.

ಬೇರೆ ಚಕ್ರ. ನಾಲ್ಕು ಹಳೇ ನಟ್ಟು, ಒಂದು ಹೊಸದು. ಟಾರ್ಕ್ ಪಾನಾ.
ಟಕ್.
ದಿಬ್ಬದ ಕಡೆ ನೋಡಿದೆ. ಯಾರೂ ಇಲ್ಲ;
ಅಷ್ಟು ಹೊತ್ತಿಗೆ ಅಲ್ಲಿ ಹಗ್ಗ ಸಡಿಲಿಸುತ್ತಿದ್ದಿರಬೇಕು.
ಟಕ್ ಎಂದಾಗಿದೆ, ಸಾಕು, ಪುಸ್ತಕ ಹೇಳುವುದೇ ಸರಿ
ಎಂದುಕೊಳ್ಳುತ್ತಲೇ
ಕಾಲು ಸುತ್ತಲ್ಲ, ಒಂದು ಬೆರಳಿನಷ್ಟು
ಮತ್ತೆ ಎಳೆದೆ.