ಬಾಯಲ್ಲಿ ಇಟ್ಟುಕೊಂಡದ್ದು

ಮೀನಿಗೆ ಕರುಳಿದೆಯೇ ಎಂದು ಕೇಳಿದರೆ
ಸಿಕುಜುವಾ ನಗುತ್ತಾಳೆ: ಇಲ್ಲದೆ ಏನು,
ದಿನಾ ಎರಡು ಬೊಗಸೆ ತೆಗೆದು
ಬೆಕ್ಕಿಗೆ ಹಾಕುತ್ತೇನಲ್ಲ.

ಕಿಗೋಮಾದ ದಂಡೆ. ಬೆಳಗಿನ ಆರಕ್ಕೇ
ತಾಂಗನ್ಯೀಕಾ ಸರೋವರ ಕಣ್ಣು ಕುಕ್ಕುತ್ತದೆ.
ರಾತ್ರಿ ದೀಪ ತೋರಿಸಿ ಹಿಡಿದ ದಗಾ ಮೀನು
ಮರಳ ಮೇಲೆ ಒಣಗುತ್ತಿದೆ.
ಅದರಾಚೆ ತಗಡಿನ ಶೆಡ್ಡು, ಅರವತ್ತು ಸಿಮೆಂಟ್ ತೊಟ್ಟಿ,
ಜರ್ಮನಿಯ ಯಾರದೋ ಗಾಜಿನ ಪೆಟ್ಟಿಗೆಗೆ
ಹೊರಟು ನಿಂತ ಬಣ್ಣದ ಮೀನು.
ನಾನು ಎಣಿಸುವವನು. ಅವಳು ತೊಳೆಯುವವಳು.

ಒಂಬತ್ತನೇ ತೊಟ್ಟಿಯ ಹೆಣ್ಣು
ಹದಿನೇಳು ದಿನದಿಂದ ಕೂಳು ಮುಟ್ಟಿಲ್ಲ.
ಗದ್ದ ಊದಿದೆ, ತುಟಿ ಬಿಗಿದಿದೆ.
ಪುಡಿ ಉದುರಿಸಿದರೆ ಮೂಗಿನ ಮುಂದೆಯೇ ಹಾದು
ತಳಕ್ಕಿಳಿಯುತ್ತದೆ;
ಕಣ್ಣು ಮಾತ್ರ ಅದರ ಹಿಂದೆ ಹೋಗಿ ಬರುತ್ತದೆ.
ಬಾಯ ತುಂಬ ಮರಿ.
ರಂಜಾನಿನಲ್ಲಿ ನಾನು ಸಂಜೆಗೆ ಕಾಯುತ್ತೇನೆ,
ಇವಳಿಗೆ ಸಂಜೆಯೇ ಇಲ್ಲ.

ಹುಟ್ಟುಗುಣ, ಅಂದರು
ದಾರ್ ಎಸ್ ಸಲಾಮಿನಿಂದ ಅಳೆಯಲು ಬಂದಿದ್ದ
ಪ್ರೊಫೆಸರ್ ಮ್ವಕಸೆಗೆ. ಸುಟ್ಟರೂ ಹೋಗದ್ದು.
ಬಾಗಿಲಿಗೆ ಹಾಕಿದ ಸ್ಪ್ರಿಂಗಿನ ಹಾಗೆ,
ತಳ್ಳಿದರೆ ತೆರೆಯುತ್ತದೆ, ಬಿಟ್ಟರೆ ಮುಚ್ಚುತ್ತದೆ,
ಒಳಗೆ ಬಂದವರಾರೆಂದು ಕೇಳುವುದಿಲ್ಲ.
ಬೇಕಾದರೆ ನೋಡಿ.

ನೋಡಿದೆವು. ನಾನೇ ಒದ್ದೆ ಹೆಬ್ಬೆರಳಿನಿಂದ
ಗದ್ದ ಒತ್ತಿ ಬಾಯಿ ಬಿಡಿಸಿದೆ. ಅದು ನನ್ನ ಕೆಲಸ,
ಮರಿಯೊಂದಕ್ಕೆ ಇಷ್ಟು ಶಿಲ್ಲಿಂಗ್.
ಬಿಳಿ ಬಟ್ಟಲಿಗೆ ಮೂವತ್ತು ಉದುರಬೇಕಿತ್ತು.
ಉದುರಿದ್ದು ಎರಡು.
ಎರಡಕ್ಕೂ ಮೀಸೆ.

ಕೋಗಿಲೆಯ ಕಸುಬು ನೀರಲ್ಲೂ ಇದೆ.
ಮೊಟ್ಟೆ ಇಡುವ ಗಳಿಗೆಗೇ ನುಗ್ಗಿ
ಬೆಕ್ಕುಮೀನು ತನ್ನದನ್ನೂ ಬೆರೆಸಿ ಹೋಗುತ್ತದೆ;
ಇವಳು ಗಡಿಬಿಡಿಯಲ್ಲಿ ಎಲ್ಲವನ್ನೂ ಬಾಚಿಕೊಳ್ಳುತ್ತಾಳೆ.
ಅವು ಮೊದಲು ಒಡೆಯುತ್ತವೆ, ಮೊದಲು ಹಸಿಯುತ್ತವೆ,
ಬಾಯೊಳಗಿನ ಕತ್ತಲಲ್ಲಿ
ಅವಳ ಮಕ್ಕಳನ್ನು ಒಂದೊಂದಾಗಿ ತಿಂದು ಮುಗಿಸುತ್ತವೆ.
ಅವಳು ಉಪವಾಸ.

ಕಂಡಿರಾ, ಅಂದರು ಪ್ರೊಫೆಸರ್. ಕರುಣೆಯಾಗಿದ್ದರೆ
ಯಾರ ಮೇಲೆ ಎಂಬುದಾದರೂ ತಿಳಿದಿರಬೇಕಿತ್ತು.
ಬರೆದುಕೊಂಡರು. ಚಹಾ ಕುಡಿದರು.
ವಿಮಾನದ ಹೊತ್ತಾಯಿತು.

ಸಿಕುಜುವಾ ಎಂದರೆ ‘ನನಗೆ ಗೊತ್ತಿರಲಿಲ್ಲ’.
ಐದು ತಿಂಗಳಾಗುವವರೆಗೆ ಅವಳ ತಾಯಿಗೆ
ಬಸಿರೆಂದೇ ತಿಳಿದಿರಲಿಲ್ಲವಂತೆ, ಅದಕ್ಕೆ ಆ ಹೆಸರು.
ಆಚೆ ದಂಡೆಯಲ್ಲಿ ಗುಂಡು ಹಾರಿದ ವರ್ಷ
ದೋಣಿಯಿಂದ ಇಳಿದ ಜನರ ನೂಕಿನಲ್ಲಿ
ಯಾರೋ ಅವಳ ಕೈಗೊಂದು ಬಟ್ಟೆಗಂಟು ತುರುಕಿದರು.
ಕೈ ಚಾಚಿತು, ಅಷ್ಟೆ.
ಬಿಚ್ಚಿದರೆ ಮಗು.
ಅವಳ ಸ್ವಂತದ್ದೂ ಆಗ ಎದೆಗೆ ಕಚ್ಚಿಕೊಂಡಿತ್ತು.
ಹಾಲು ಇಬ್ಬರಿಗೆ ಸಾಲಲಿಲ್ಲ.

ಮುಂದಿನದನ್ನು ಅವಳು ಹೇಳುವುದಿಲ್ಲ.
ಅಸುಕುಲುವಿಗೆ ಈಗ ಇಪ್ಪತ್ತೆರಡು,
ರಾತ್ರಿ ದೋಣಿಯಲ್ಲಿ ದೀಪ ಹಿಡಿಯುತ್ತಾನೆ,
ಮನೆಯಲ್ಲಿ ಅವನೊಬ್ಬನೇ ಮಗ.
ಕರುಣೆಯಾ ಅದು, ಅಂತ ಒಮ್ಮೆ ಕೇಳಿಬಿಟ್ಟಿದ್ದೆ.
ಕೈಯನ್ನು ಕೇಳು, ಅಂದಳು,
ಬಕೆಟ್ಟಿನೊಳಕ್ಕೆ ಅದನ್ನೇ ಅದ್ದುತ್ತ.

ಪ್ರೊಫೆಸರರ ಜೀಪಿನ ಧೂಳು ಇನ್ನೂ ಇಳಿದಿರಲಿಲ್ಲ.
ಮೀಸೆಯ ಎರಡು ಮರಿ ಬಟ್ಟಲಲ್ಲಿ ಸುತ್ತುತ್ತಿದ್ದವು.
ಅವಳು ಬಟ್ಟಲನ್ನೆತ್ತಿ ಒಂಬತ್ತನೇ ತೊಟ್ಟಿಗೆ
ಬಗ್ಗಿಸಿಬಿಟ್ಟಳು, ಎಂಜಲು ನೀರು ಚೆಲ್ಲುವ ಹಾಗೆ.
ಮೇಲಿಂದ ಅವಳ ಕೈಯ ನೆರಳು ಬಿದ್ದದ್ದೇ
ಹೆಣ್ಣುಮೀನು ಬೆಚ್ಚಿತು,
ಓಡಲಿಲ್ಲ,
ಖಾಲಿ ಬಾಯಿ ತೆರೆಯಿತು.
ಒಂದು ಒಳಗೆ ಹೋಯಿತು. ಇನ್ನೊಂದು
ತುಸು ತಡವಾಗಿ.

ಎರಡು ಮರಿಗೆ ನನಗೆ ದಕ್ಕುತ್ತಿದ್ದುದು
ಒಂದು ಕಿಲೋ ಸಕ್ಕರೆ.
ಪುಸ್ತಕ ತೆಗೆದು, ತಾರೀಖು ಹಾಕಿ,
ಒಂಬತ್ತನೇ ತೊಟ್ಟಿಯೆದುರು
ಸೊನ್ನೆ ಎಂದು ಬರೆದೆ.