ಏಳನೇ ಬಾಟಲಿ

ತಿಂಗಳ ಮೊದಲ ಮಂಗಳವಾರ
ಏಳು ಬಾಟಲಿ, ಒಂದು ಹಗ್ಗ, ಒಂದು ಬಕೆಟ್ಟು.
ಕೆಂಗೇರಿ ದಾಟಿ ಸೇತುವೆಯ ಮೇಲೆ ನಿಂತು
ಹೊಳೆಯನ್ನು ಮೇಲೆತ್ತುವುದು ನನ್ನ ಕೆಲಸ.
ವೃಷಭಾವತಿ ಮೊದಲು ಮೂಗಿಗೆ ಸಿಗುತ್ತಾಳೆ,
ಕಣ್ಣಿಗೆ ಆಮೇಲೆ.

ಲ್ಯಾಬಿನ ಕಪಾಟಿನಲ್ಲಿ ಇನ್ನೊಂದು ಕಪ್ಪು ನೀರಿದೆ.
ಯಾವುದೋ ಕಡಲತಡಿಯ ಬಯಲಿನದು,
ಹಿಂದಿದ್ದ ಮೇಡಂ ತಂದಿಟ್ಟದ್ದು.
ಚೀಟಿಯ ಶಾಯಿ ಹಬ್ಬಿ ಹೊಳೆಯ ಹೆಸರು ಅಳಿಸಿದೆ.
ಮರಳು ನೆಲವಂತೆ, ಇಳಿಜಾರೇ ಇಲ್ಲವಂತೆ,
ಎಲೆಗಳು ಬಿದ್ದಲ್ಲೇ ನೆನೆದೂ ನೆನೆದೂ
ಕಾಡೇ ಡಿಕಾಕ್ಷನ್ ಇಳಿಸಿದ ಹಾಗೆ.
ಕಿಟಕಿಗೆ ಹಿಡಿದರೆ
ಆ ಕಪ್ಪಿನೊಳಗೆ ಬೆಳಕು ಜೇನಾಗುತ್ತದೆ,
ಆಚೆ ನಿಂತ ಫಿಲೋಮಿನಾಳ ಬೆರಳು ಕಾಣುತ್ತದೆ.
ನಮ್ಮದನ್ನು ಹಿಡಿದರೆ
ಬಾಟಲಿ ಮಾತ್ರ ಕಾಣುತ್ತದೆ.

ನಮ್ಮದಕ್ಕೆ ಇಳಿಜಾರಿಗೇನೂ ಕಮ್ಮಿಯಿಲ್ಲ.
ಊರಿನ ಬೆನ್ನುಮೂಳೆಯ ಪಡುವಣಕ್ಕೆ ಬಿದ್ದ ಹನಿ ಇತ್ತ,
ಮೂಡಣಕ್ಕೆ ಸಿಡಿದದ್ದು ಪಿನಾಕಿನಿಗೆ.
ಒಂದೇ ಮೋಡದ ಮಕ್ಕಳು
ದಿಣ್ಣೆಯ ಮೇಲೆ ಬೆನ್ನು ತಿರುಗಿಸಿ ಹೊರಟು
ದೂರದ ಬಯಲಲ್ಲಿ, ಒಂದೇ ಕಡಲಿಗೆ.
ಬಸವನ ಪಾದದಡಿ ಹುಟ್ಟಿದ ಹೊಳೆ ಎನ್ನುತ್ತಾರೆ.
ಅಲ್ಲಿಂದ ಬಾಟಲಿ ತುಂಬಿ ತಾ ಎಂದು
ನನಗೆ ಯಾರೂ ಹೇಳಿಲ್ಲ.

ಆಮ್ಲಜನಕದ ಕಾಲಂನಲ್ಲಿ ಸೊನ್ನೆ ಬರೆದು
ತಲೆಯೆತ್ತಿದರೆ, ಆ ಸೊನ್ನೆಯೊಳಗೆ
ಹದಿನಾಲ್ಕು ಮೆಟ್ಟುಗಾಲು ಹಕ್ಕಿಗಳು:
ಬಿಳಿ ಅಂಗಿ, ಕರಿ ಕೋಟು,
ಕೋರ್ಟಿಗೆ ಹೊತ್ತಾದ ವಕೀಲರ ನಡಿಗೆ.
ಕೊಕ್ಕಿನ ತುದಿಯಲ್ಲಿ ಕೆಂಪು ದಾರದಂಥ ಹುಳು.
ಉಸಿರಿಲ್ಲದ ಕೆಸರಲ್ಲಿ ಉಸಿರು ಹಿಡಿದಿಡಲು
ನಮ್ಮ ರಕ್ತದ ಬಣ್ಣವನ್ನೇ ಮೈತುಂಬ ಇಟ್ಟುಕೊಂಡದ್ದು.
ದಡದಲ್ಲಿ ಹರಳುಗಿಡ, ಜೊಂಡು,
ನಾಚಿಕೆಯಿಲ್ಲದಷ್ಟು ಹಸಿರು ಹುಲ್ಲು.

ಹುಲ್ಲು ಕೊಯ್ಯುವ ಮುನಿನಂಜಮ್ಮ ಪ್ರತಿ ಸಲವೂ ಕೇಳುತ್ತಾಳೆ,
ಗಾಳ ಹಾಕಿ ಕೂತವರನ್ನು ಕೇಳುವಂತೆ:
"ಇವತ್ತಾದ್ರೂ ಏನಾದ್ರೂ ಸಿಕ್ತಾ ಕಣವ್ವ?"
ಸೀಸ, ಸತು ಎಂದೆ ಒಮ್ಮೆ. ನಕ್ಕಳು.
ಅವಳು ಮದುವೆಯಾಗಿ ಬಂದ ವರ್ಷ
ಇದೇ ಬಂಡೆಯ ಮೇಲೆ ಮೊಣಕಾಲುದ್ದ ನೀರಲ್ಲಿ ನಿಂತು
ಕಾಲುಂಗುರದ ಗೆರೆ ಎಣಿಸಬಹುದಿತ್ತಂತೆ.
"ಈಗ ಬಂಡೆ ಕಾಣಾಕಿಲ್ಲ. ಆದ್ರೆ ಅಲ್ಲೇ ಅದೆ.
ಕಾಲಿಗೆ ಗೊತ್ತು."

ಆರು ಬಾಟಲಿ ಪರೀಕ್ಷೆಗೆ. ಏಳನೆಯದು,
ಯಾವುದಾದರೂ ಒಡೆದರೆ ಇರಲಿ ಎಂದು.
ಕಾರ್ತಿಕದಲ್ಲಿ ಮೂರು ದಿನ ಬಿಡದೆ ಸುರಿದ ಮರುದಿನ
ಬಕೆಟ್ಟಿನಲ್ಲಿ ಬಂದದ್ದು ಕಪ್ಪಲ್ಲ, ಕೆಂಪು.
ಏಳನೆಯದನ್ನು ಮೇಜಿನ ಮೇಲಿಟ್ಟು ಮರೆತೆ.
ಊಟ ಮುಗಿಸಿ ಬರುವಷ್ಟರಲ್ಲಿ
ಮಣ್ಣು ತಳಕ್ಕೆ ಕೂತಿತ್ತು. ಮೇಲೆ, ಎರಡು ಬೆರಳಿನಷ್ಟು,
ಮಬ್ಬಾಗಿ, ಕಿಟಕಿಯ ಸರಳು.

ಮುಂದಿನ ತಿಂಗಳು ಮತ್ತೆ ಮಸಿಯೇ.
ಅದನ್ನೊಂದು ಮಾತ್ರ ಚೆಲ್ಲದೆ
ಕಡಲತಡಿಯ ನೀರಿನ ಪಕ್ಕ ಇಟ್ಟಿದ್ದೇನೆ.
"ಇದು ಯಾವ ಹೊಳೆ?" ಎಂದಳು ಫಿಲೋಮಿನಾ.
ಚೀಟಿ ಇನ್ನೂ ಬರೆದಿಲ್ಲ.